ಬಿಟ್ಟಿ ಸಿಕ್ಕ ಚಳಿ

ಕೋಲ್ಡ್ ಸ್ಟೋರೇಜಿನ ಆಫೀಸು ಕೋಣೆ,
ಜನವರಿ ೧೯, ಭಾನುವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ತಮ್ಮಾ,

ಅಕ್ಕನ ಆಶೀರ್ವಾದ. ಹೇಗಿದ್ದೀಯ? ಎಡಗೈ ಹೆಬ್ಬೆರಳು ಹೇಗಿದೆ? ಯಂತ್ರದ ಬೆಲ್ಟಿಗೆ ಸಿಕ್ಕಿ ಜಜ್ಜಿದ ಆ ಬೆರಳು ಚಳಿ ಬಂದರೆ ಮೊಣಕೈವರೆಗೂ ಸೆಳೆಯುತ್ತದೆ ಎನ್ನುತ್ತಿದ್ದೆ. ನೀನಿರುವ ಬಂದರಿನಲ್ಲಿ ಚಳಿಗಾಲ ಬರುವುದು ಕ್ಯಾಲೆಂಡರಿನಲ್ಲಿ ಮಾತ್ರ ಎಂದು ಕೇಳಿದ್ದೇನೆ. ಹಾಗಿದ್ದರೆ ಬೆರಳಿಗೆ ಅದು ಬಂದದ್ದೂ ಹೋದದ್ದೂ ಗೊತ್ತಾಗಿರಲಿಕ್ಕಿಲ್ಲ, ಒಳ್ಳೆಯದೇ. ಹಡಗಿನ ಫ್ರೀಜರು ರಿಪೇರಿಗೆ ಇಳಿಯುವಾಗ ಬೆವರಿದ ಮೈಯಲ್ಲಿ ಇಳಿಯಬೇಡ. ಊಟ ಕೂತು ಮಾಡುತ್ತೀಯೋ, ಈಗಲೂ ನಿಂತಲ್ಲೇ ಮುಗಿಸುತ್ತೀಯೋ? ಐವತ್ತಮೂರು ವರ್ಷದವನಿಗೆ ಇದನ್ನೆಲ್ಲ ಕೇಳಬಾರದು, ಗೊತ್ತು. ಆದರೆ ನನ್ನ ಲೆಕ್ಕದಲ್ಲಿ ನೀನು ಆರು ದಾಟಿದವನಲ್ಲ.

ಇಲ್ಲಿ ಎಲ್ಲರೂ ಬದುಕಿದ್ದೇವೆ. ಈ ವಾರದ ಮಟ್ಟಿಗೆ ಅದು ಬರೆದು ತಿಳಿಸಬೇಕಾದ ಸುದ್ದಿಯೇ. ನಿನ್ನ ಭಾವ ಒಂದರ ಮೇಲೊಂದು ಮೂರು ಟೋಪಿ ಹಾಕಿಕೊಂಡು, ಅದರ ಮೇಲೆ ನನ್ನ ಶಾಲನ್ನು ಎರಡು ಸುತ್ತು ಸುತ್ತಿ, ಅಟ್ಟಿಯಿಂದ ಉರುಳಿದ ಮೂಟೆಯ ಹಾಗೆ ಎದುರಿಗೆ ಕೂತಿದ್ದಾರೆ. ಮೂವತ್ತೈದು ವರ್ಷ ಮಕ್ಕಳಿಗೆ ಭೂಗೋಳ ಹೇಳಿದವರು; ಉತ್ತರದ ಗಾಳಿ ಹೇಗೆ ಇಳಿದು ಬರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದವರು. ಆ ಬಾಣ ಈಗ ನಿಮ್ಮ ಬೆನ್ನಿಗೇ ಬಂದು ನಾಟಿತಲ್ಲ ಎಂದೆ. "ಪಾಠ ಮಾಡೋನಿಗೆ ಪರೀಕ್ಷೆ ಇರಲ್ಲ ಅಂದ್ಕೊಂಡಿದ್ದೆ ಕಣೇ" ಅಂದರು. ನಿನ್ನನ್ನು ಕೇಳಿದರೆಂದು ಬರೆ ಎಂದು ಈಗ ಮೂರನೆಯ ಸಲ ಹೇಳುತ್ತಿದ್ದಾರೆ. ಬರೆದಿದ್ದೇನೆ.

ಫೋನು ಮಾಡಬಹುದಿತ್ತು. ಆದರೆ ನಮ್ಮ ಫೋನಿನ ಮಾತು ನಿನಗೂ ಗೊತ್ತು: ನೀನು "ಹೂಂ" ಅನ್ನುತ್ತೀಯ, ನಾನು "ಮತ್ತೇನು" ಅನ್ನುತ್ತೇನೆ, ನೀನು ಮತ್ತೊಂದು "ಹೂಂ" ಅನ್ನುತ್ತೀಯ, ಅಲ್ಲಿಗೆ ಮುಗಿಯಿತು. ಕಾಗದವಾದರೆ ನಡುವೆ "ಹೂಂ" ಬರುವುದಿಲ್ಲ, ನಾನು ಹೇಳಬೇಕಾದ್ದನ್ನು ಹೇಳಿ ಮುಗಿಸಬಹುದು. ಜೊತೆಗೆ ಇನ್ನೊಂದು ಕಾರಣವಿದೆ. ಪ್ರತಿ ವರ್ಷ ಜನವರಿಯ ಮೊದಲ ವಾರ ನಿನ್ನ ಕಾರ್ಡು ಬರುತ್ತಿತ್ತು. ಏಳು ವರ್ಷ, ಏಳು ಕಾರ್ಡು. ಒಂದೊಂದರಲ್ಲೂ ಎರಡೇ ಮಾತು: "ಕ್ಷೇಮ. ತಮ್ಮ." ಏಳು ವರ್ಷಕ್ಕೆ ಹದಿನಾಲ್ಕು ಮಾತು, ಅದರಲ್ಲಿ ಅರ್ಧ ಸಹಿಗೇ ಹೋಯಿತು. ಇಷ್ಟು ಬಿಗಿ ಕೈ ನನ್ನಿಂದಲೇ ಕಲಿತದ್ದೆಂದು ನಿನ್ನ ಭಾವ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಎರಡು ಮಾತು ಓದಿ ಮೇಜಿನ ಗಾಜಿನ ಕೆಳಗೆ ಇಟ್ಟರೆ ನನಗೆ ಒಂದು ವರ್ಷ ನಡೆಯುತ್ತಿತ್ತು. ಈ ವರ್ಷ ಕಾರ್ಡು ಬಂದಿಲ್ಲ. ಇವತ್ತಿಗೆ ಹತ್ತೊಂಬತ್ತು ದಿನ. ಅಂಚೆಯವನು ನನ್ನನ್ನು ಕಂಡರೆ ಸೈಕಲ್ಲಿನ ಇನ್ನೊಂದು ಬದಿಗೆ ನೋಡುತ್ತಾನೆ. ಚಳಿಗೆ ಟಪ್ಪಾಲು ನಿಂತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಚಳಿ ಶುರುವಾದದ್ದು ಹನ್ನೆರಡನೆಯ ತಾರೀಕು, ಕಾರ್ಡು ಬರಬೇಕಾದದ್ದು ಅದಕ್ಕೂ ಮೊದಲು. ಇದು ಕೂಡುವ ಲೆಕ್ಕವಲ್ಲ ಎಂದು ನನಗೆ ತಿಳಿಯದೆ ಇಲ್ಲ.

ಚಳಿಯ ವಿಷಯಕ್ಕೆ ಬರುತ್ತೇನೆ. ಅರವತ್ತೊಂದು ವರ್ಷದಲ್ಲಿ ನಾನು ಇಂಥದ್ದನ್ನು ಕಂಡಿಲ್ಲ. ಹೊರಗಿನ ಥರ್ಮಾಮೀಟರನ್ನು ದಿನಕ್ಕೆ ಎರಡು ಸಲ ನೋಡಿ ಬರೆದಿಡುವ ಅಭ್ಯಾಸ ನೀನು ಹಾಕಿದ್ದು, ನಾನು ಬಿಟ್ಟಿಲ್ಲ. ಹೋದ ಭಾನುವಾರ ಬೆಳಿಗ್ಗೆ ಆರು ಡಿಗ್ರಿ. ಸೋಮವಾರ ಮೂರು. ಮಂಗಳವಾರ ಎರಡು. ಬುಧವಾರವೂ ಎರಡು. ಗುರುವಾರ ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು ನೋಡು, ಸಂಜೆ ನಾಲ್ಕಕ್ಕೆ ಸೊನ್ನೆಗಿಂತ ಏಳು ಕೆಳಗೆ. ಶುಕ್ರವಾರ ಒಂಬತ್ತು ಕೆಳಗೆ. ಅದನ್ನು ಬರೆಯಲು ಪೆನ್ನು ನಡೆಯಲಿಲ್ಲ, ಶಾಯಿ ಗಟ್ಟಿಯಾಗಿತ್ತು; ಪೆನ್ಸಿಲಿನಲ್ಲಿ ಬರೆದೆ. ನಮ್ಮ ರಸ್ತೆಯ ಬಸ್ಸಿನ ಕಂಡಕ್ಟರ್ ನಿನಗೆ ನೆನಪಿರಬೇಕು, ಬಾಯಿಗೆ ಬ್ರೇಕಿಲ್ಲದವನು. ಮೇಲಿನ ಗುಡ್ಡದಿಂದ ಕೆಳಗಿನ ಹಣ್ಣಿನ ತೋಟಗಳವರೆಗೆ ಅರವತ್ತು ಮೈಲಿಯ ಸುದ್ದಿಯನ್ನು ಟಿಕೆಟ್ಟಿನ ಜೊತೆ ಬಿಟ್ಟಿ ಹಂಚುತ್ತಾನೆ. ಗುಡ್ಡದ ಹನ್ನೊಂದು ಹಳ್ಳಿಗೆ ದಾರಿ ಮುಚ್ಚಿತ್ತಂತೆ. ಕೆರೆ ಹೆಪ್ಪುಗಟ್ಟಿ ಬಾತುಕೋಳಿಗಳು ನಡೆದುಕೊಂಡೇ ಆಚೆ ದಡಕ್ಕೆ ಹೋದವಂತೆ, ಹೋದಮೇಲೆ ಏನು ಮಾಡಬೇಕೆಂದು ತಿಳಿಯದೆ ಸಾಲಾಗಿ ನಿಂತಿದ್ದವಂತೆ. ಡೈರಿಯಲ್ಲಿ ಹಾಲನ್ನು ಕ್ಯಾನಿನಿಂದ ಸುರಿಯಲಾಗದೆ ತಟ್ಟಿ ತೆಗೆದರಂತೆ. ಹೊಸ ಬಡಾವಣೆಯಲ್ಲಿ ಉತ್ತರದ ಗೋಡೆಗೆ ಬಚ್ಚಲು ಕಟ್ಟಿಸಿದವರ ಪೈಪೆಲ್ಲ ಸೀಳಿದೆ, ಪ್ಲಂಬರನಿಗೆ ಈಗ ಮಂತ್ರಿಗಿರುವ ಮರ್ಯಾದೆ. ಹಣ್ಣಿನ ತೋಟದವರು ಸಾಲುಸಾಲಾಗಿ ಹೊಗೆ ಹಾಕಿ ಮರಗಳನ್ನು ಕಾದರು. ಮರ ಉಳಿದವು, ಕಾದವರಿಗೆ ಕೆಮ್ಮು. ಲೈನು ಹರಿದು ಮೂರು ತಾಲ್ಲೂಕಿಗೆ ಕರೆಂಟಿರಲಿಲ್ಲ. ಒಣಹಾಕಿದ ಬಟ್ಟೆ ಹಲಗೆಯ ಹಾಗೆ ನಿಂತಿತ್ತು. ನಿನ್ನ ಭಾವನ ಅಂಗಿಯನ್ನು ಮಡಿಸಲು ಹೋಗಿ ತೋಳು ಮುರಿದೆ. ಮುರಿದದ್ದು ಅಂಗಿಯ ತೋಳು, ಹೆದರಬೇಡ.

ಈಗ ನಮ್ಮ ಕೋಲ್ಡ್ ಸ್ಟೋರೇಜಿನ ಕಥೆ. ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ. ಉತ್ತರದ ಗೋಡೆಯಲ್ಲಿ ಸೂರಿನ ಕೆಳಗೆ ನೀನು ಕೂರಿಸಿದ ನಾಲ್ಕು ಕಿಟಕಿಗಳನ್ನು ಇಟ್ಟಿಗೆ ಹಾಕಿ ಮುಚ್ಚಿಸಿದೆ ಎಂದು ಎಂಟು ವರ್ಷದ ಹಿಂದೆ, ನೀನು ಊರು ಬಿಟ್ಟ ತಿಂಗಳಲ್ಲೇ, ಬರೆದಿದ್ದೆನಲ್ಲ, ಅದು ಸುಳ್ಳು. ಗಾರೆಯವನನ್ನು ಮೂರು ಸಲ ಕರೆಸಿದೆ. ಮೂರು ಸಲವೂ ಟೀ ಕೊಟ್ಟು, ಅವನ ಮಗಳ ಓದು ವಿಚಾರಿಸಿ ಕಳಿಸಿದೆ. ನಾಲ್ಕನೆಯ ಸಲ ಅವನೇ "ಅಮ್ಮಾ, ಟೀ ಕುಡಿಯೋಕೆ ಕರಣೆ ತರ್ಬೇಕಾ, ಹಾಗೇ ಬರ್ಲಾ?" ಎಂದು ಕೇಳಿದ. ಆಗ ಬಿಟ್ಟೆ.

ಆ ಕಿಟಕಿಗಳಿಗಾಗಿ ತಾನೇ ನಮ್ಮಿಬ್ಬರ ಮನಸ್ಸು ಮುರಿದದ್ದು. ಇಪ್ಪತ್ತಾರು ವರ್ಷದ ಹಿಂದೆ ಇದನ್ನು ಕಟ್ಟುವಾಗ ನಮ್ಮ ಹತ್ತಿರ ಯಂತ್ರವಿರಲಿಲ್ಲ. ಎರಡು ಗೋಡೆ ಎಬ್ಬಿಸಿ ನಡುವೆ ಒಂದೂವರೆ ಅಡಿ ಮರದ ಹೊಟ್ಟು ತುಂಬಿದವನು ನೀನು. ಇಷ್ಟು ಹೊಟ್ಟು ಯಾಕೋ, ಗೋಡೆಗೇನು ಬಾಣಂತನವೇ ಎಂದು ನಗಾಡಿದವಳು ನಾನು. ಚಳಿಗಾಲದ ಬೆಳಗಿನ ಜಾವ ನೀನು ಆ ನಾಲ್ಕು ಕಿಟಕಿ ತೆರೆದು ತಣ್ಣನೆಯ ಗಾಳಿಯನ್ನು ಒಳಗೆ ತುಂಬಿಸಿಕೊಳ್ಳುತ್ತಿದ್ದೆ, ಬಿಸಿಲೇರುವ ಮೊದಲು ಮುಚ್ಚುತ್ತಿದ್ದೆ, ಆಲೂಗಡ್ಡೆ ಬೇಸಿಗೆಯವರೆಗೆ ಕಣ್ಣು ಬಿಡದೆ ಮಲಗಿರುತ್ತಿತ್ತು. ಆಮೇಲೆ ದೊಡ್ಡ ಕಂಪ್ರೆಸರ್ ಬಂತು, ನನ್ನ ತಲೆಗೂ ಏನೋ ಏರಿತು. ಇನ್ನು ಈ ಕೋಳಿಗೂಡಿನ ಕಿಟಕಿ ಯಾಕೆ, ಮುಚ್ಚಿಸು ಎಂದೆ. ಯಂತ್ರ ಒಂದು ದಿನ ಕೈಕೊಡುತ್ತದೆ, ಕಿಟಕಿ ಇರಲಿ ಎಂದು ನೀನು. ಹದಿನೆಂಟು ಜನ ಹಮಾಲಿಗಳು ಮೂಟೆ ಇಳಿಸಿ ನೋಡುತ್ತ ನಿಂತಿದ್ದರು. ಅವರೆದುರಿಗೆ ನಾನು ಆ ಮಾತು ಆಡಿದೆ: "ನನ್ನ ಅನ್ನ ತಿಂದು ನನಗೇ ಬುದ್ಧಿ ಹೇಳ್ತೀಯಾ?" ನೀನು ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆ ಎತ್ತಿಕೊಂಡು ಐದೂವರೆಯ ಬಸ್ಸಿಗೆ ಹೋದೆ. ಬೇರೆ ಯಾರಿಗಾದರೂ ಅಂದಿದ್ದರೆ ಅದು ಜಗಳದ ಮಾತು, ಮರುದಿನಕ್ಕೆ ಹಳಸಿರುತ್ತಿತ್ತು. ಅಮ್ಮ ಹೋದಾಗ ನಿನಗೆ ಆರು, ನನಗೆ ಹದಿನಾಲ್ಕು. ಮಂಡಿಯಲ್ಲಿ ಗಂಡಸರ ಸಾಲಿನಲ್ಲಿ ನಿಂತು ಮೂಟೆ ಹೊತ್ತು ನಿನಗೆ ತುತ್ತು ಹಾಕಿದ್ದು ನಿಜವಾದ್ದರಿಂದಲೇ ಆ ಮಾತು ಆಡಬಾರದಾಗಿತ್ತು.

ಇರಲಿ. ಮಂಗಳವಾರ ಏನಾಯಿತು ಕೇಳು. ಬೆಳಿಗ್ಗೆ ಪುಸ್ತಕ ಬರೆಯಲು ಬಂದೆ. ಹೊರಗೆ ಎರಡು ಡಿಗ್ರಿ, ಒಳಗೆ ನಾಲ್ಕೂವರೆ. ಕಂಪ್ರೆಸರ್ ಗೊರಗೊರ ಅನ್ನುತ್ತ ಕರೆಂಟು ಕುಡಿಯುತ್ತಿದೆ. ಹೊರಗೆ ದೇವರು ಊರಿಗೆಲ್ಲ ಬಿಟ್ಟಿ ಚಳಿ ಸುರಿಯುತ್ತಿರುವಾಗ ನಾನು ಯಂತ್ರದಿಂದ ಚಳಿ ಕೊಂಡುಕೊಳ್ಳುವುದೇ? ನಿನ್ನ ಅಕ್ಕನ ಸ್ವಭಾವ ನಿನಗೆ ಗೊತ್ತು, ಬಿಟ್ಟಿ ಸಿಕ್ಕರೆ ಸಿಡಿಲನ್ನೂ ಮೂಟೆ ಕಟ್ಟಿಡುವವಳು. ಯಂತ್ರ ನಿಲ್ಲಿಸಿದೆ. ಎಂಟು ವರ್ಷದ ಮೇಲೆ ನಾಲ್ಕು ಕಿಟಕಿಯ ಹಗ್ಗ ಸಡಿಲಿಸಿದೆ. ನೀನು ಕೆತ್ತಿದ ಕದ ನಾಲ್ಕೂ ಸದ್ದಿಲ್ಲದೆ ತೆರೆದುಕೊಂಡವು. ಮಧ್ಯಾಹ್ನಕ್ಕೆ ಒಳಗೆ ಮೂರೂವರೆ, ನಿನ್ನ ಕಾಲದ ಹಾಗೆಯೇ. ನನಗೆ ಎಷ್ಟು ಹಿಗ್ಗಾಯಿತೆಂದರೆ, ನಾನು ಹೇಳುವವರೆಗೆ ಕಿಟಕಿಯನ್ನು ಯಾರೂ ಮುಟ್ಟಕೂಡದು ಎಂದು ಹಮಾಲಿಗಳ ಮೇಸ್ತ್ರಿಗೆ ಕಟ್ಟಪ್ಪಣೆ ಮಾಡಿಬಿಟ್ಟೆ. "ಕಿಟಕಿ ತೆರೆದು ಊಟಕ್ಕೂ ಹೋಗಬಾರದು ಅಕ್ಕಾ, ಗಾಳಿ ಯಾರ ನೆಂಟನೂ ಅಲ್ಲ" ಎನ್ನುತ್ತಿದ್ದೆಯಲ್ಲ ನೀನು, ಅದು ನೆನಪಾಗಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಬುಧವಾರ ಒಂದು ದಿನ ಏನೂ ಆಗದೆ ಕಳೆದದ್ದರಿಂದ, ನಿನ್ನದು ಅತಿ ಜಾಗ್ರತೆ ಎಂದುಕೊಂಡೆ.

ಗುರುವಾರ ನಾನು ಊಟಕ್ಕಲ್ಲ, ಹನ್ನೆರಡು ಮೈಲಿ ದೂರದ ಜಂಕ್ಷನ್ನಿಗೆ ಹೋದೆ. ಮೂಟೆ ಬುಕ್ ಮಾಡಿಸಲು ಎಂದು ಮನೆಯಲ್ಲಿ ಹೇಳಿದೆ. ಹೋದದ್ದು ನಿನ್ನ ಕಾರ್ಡು ಕೇಳಲು. ಅಲ್ಲಿಯ ಟಪ್ಪಾಲು ವಿಂಗಡಿಸುವವರು ಬೆರಳು ಕತ್ತರಿಸಿದ ಕೈಗವಸು ಹಾಕಿಕೊಂಡು, ಕಾಗದಕ್ಕೆ ಊದಿ ಊದಿ ವಿಳಾಸ ಓದುತ್ತಿದ್ದರು. "ಹನ್ನೊಂದು ಚೀಲ ಮೇಲಿನ ಸ್ಟೇಷನ್ನಿನಲ್ಲೇ ಸಿಕ್ಕಿಬಿದ್ದಿವೆ ಅಮ್ಮಾ. ಹಳಿ ಬದಲಿಸೋ ಕೀಲು ಹೆಪ್ಪುಗಟ್ಟಿದೆ, ರೈಲು ಮುಂದಕ್ಕೆ ಬರಲ್ಲ. ನಿಮ್ಮದು ಅದರಲ್ಲಿದ್ರೂ ಇರಬಹುದು" ಅಂದರು. ಇದ್ದರೂ ಇರಬಹುದು ಎಂಬ ಒಂದು ಮಾತು ಸಿಕ್ಕಿದ್ದೇ ನನಗೆ ಮೈ ಬೆಚ್ಚಗಾಯಿತು. ಅಲ್ಲೇ ಬೆಂಚಿನ ಮೇಲೆ ಕೂತು ಆ ಹನ್ನೊಂದು ಚೀಲದಲ್ಲಿ ನಿನ್ನದು ಎಷ್ಟನೆಯದರಲ್ಲಿರಬಹುದು ಎಂದು ಯೋಚಿಸುತ್ತಿದ್ದೆ. ಆಗ ಪ್ಲಾಟ್‌ಫಾರ್ಮಿನ ಹರಕು ಪೇಪರೆಲ್ಲ ಒಮ್ಮೆಲೇ ದಕ್ಷಿಣಕ್ಕೆ ಓಡಿದವು. ನಿನ್ನ ಭಾವನ ಬಾಣ! ಎದ್ದೆ. ಬಸ್ಸು ಒಂದು ಗಂಟೆ ತಡ. ಆ ಒಂದು ಗಂಟೆಯಲ್ಲಿ ನಾನು ಯಾರಿಗೆ ಎಷ್ಟು ಶಾಪ ಹಾಕಿದೆ ಎಂಬುದು ಪುಸ್ತಕದಲ್ಲಿ ಬರೆದಿಡುವಂಥದ್ದಲ್ಲ, ಹೆಚ್ಚಿನದು ನನಗೇ ಬಿತ್ತು.

ಬಂದಾಗ ನಾಲ್ಕು ಗಂಟೆ. ಮೇಸ್ತ್ರಿ ನನ್ನ ಅಪ್ಪಣೆಗೆ ಹೆದರಿ ಎರಡೂವರೆವರೆಗೆ ಕಾದನಂತೆ. ಆಮೇಲೆ, ಬೈದರೆ ಬೈಯಲಿ ಎಂದು ಹಗ್ಗ ಎಳೆಸಿದ್ದಾನೆ. ಕದಗಳು ಮುಚ್ಚುತ್ತಿಲ್ಲ. ಒಳಗಿನ ಹಸಿ ಗಾಳಿ ಹೊರಗೆ ನುಗ್ಗುವಾಗ ಚೌಕಟ್ಟಿನ ಸಂದಿಯಲ್ಲೆಲ್ಲ ಮಂಜುಗಡ್ಡೆ ಕಟ್ಟಿಬಿಟ್ಟಿದೆ. ಆರಾರು ಜನ ಒಂದೊಂದು ಹಗ್ಗಕ್ಕೆ ಜೋತುಬಿದ್ದಿದ್ದಾರೆ. ಎಳೆದಷ್ಟೂ ಬಿಗಿ. ಕಿಟಕಿಯ ಹತ್ತಿರ ಅರ್ಧ ಡಿಗ್ರಿ. ನಿನಗೆ ಹೇಳಬೇಕಾಗಿಲ್ಲ, ಅಲ್ಲಿರುವುದು ಬಿತ್ತನೆಯ ಆಲೂಗಡ್ಡೆ. ಎಂಟು ಸಾವಿರದ ಆರುನೂರು ಚೀಲ, ಗುಡ್ಡದಿಂದ ತೋಟಗಳವರೆಗಿನ ಮುನ್ನೂರು ಚಿಲ್ಲರೆ ಮನೆಯವರದು. ಸೊನ್ನೆಗಿಂತ ಕೆಳಗಿಳಿದರೆ ಕಲ್ಲಾಗುತ್ತದೆ, ಕರಗಿದರೆ ಕೊಳೆಯುತ್ತದೆ. ಬರುವ ತಿಂಗಳು ಅವರು ಹೊಲಕ್ಕೆ ಹಾಕಲು ಏನೂ ಇರುವುದಿಲ್ಲ. ಓಡಿಹೋಗಿ ಕಂಪ್ರೆಸರ್ ಕೋಣೆಯಲ್ಲಿ ನಿಂತೆ. ಕರೆಂಟೂ ಇರಲಿಲ್ಲ, ಇದ್ದರೂ ಅದೇನು ಮಾಡುತ್ತಿತ್ತು? ತಣ್ಣಗೆ ಮಾಡು ಎಂದರೆ ಮಾಡುತ್ತದೆ. ಬೆಚ್ಚಗಿಡು ಎಂದರೆ ಅದಕ್ಕೆ ಗೊತ್ತಿಲ್ಲ. ನಿನ್ನ ಬದಲಿಗೆ ಇದನ್ನು ಇಟ್ಟುಕೊಂಡೆನಲ್ಲ ಎಂದು ಅದರ ಹೊಟ್ಟೆಗೊಂದು ಒದ್ದೆ. ಕಾಲ್ಬೆರಳು ಇನ್ನೂ ಊದಿದೆ.

ಒದ್ದ ನೋವಿಗೋ ಏನೋ, ಆಗ ನಿನ್ನ ಮಾತು ಕಿವಿಗೆ ಬಂತು. ಕಿಟಕಿ ಕೂರಿಸಿದ ವರ್ಷ ನಾನೊಮ್ಮೆ ಹಗ್ಗ ಹಿಡಿದು ಜಗ್ಗುತ್ತಿದ್ದೆ, ನೀನು ಕೆಳಗೆ ನಿಂತು ನಕ್ಕಿದ್ದೆ: "ಎಳೆದ್ರೆ ಅದು ನಿನ್ನ ಹಾಗೇ ಹಟ ಮಾಡುತ್ತೆ ಅಕ್ಕಾ. ಮೊದ್ಲು ಒಂದು ಬೆರಳು ಮೇಲಕ್ಕೆತ್ತು, ಆಮೇಲೆ ಮೆಲ್ಲಗೆ ತಳ್ಳು." ಹಗ್ಗ ಬಿಡ್ರೋ ಎಂದು ಕೂಗಿದೆ. ಸೀರೆ ಎತ್ತಿ ಸಿಕ್ಕಿಸಿ, ಸುತ್ತಿಗೆಯೊಂದನ್ನು ಸೊಂಟಕ್ಕೆ ಸಿಕ್ಕಿಸಿ, ಅಟ್ಟಿ ಹತ್ತಿದೆ. ಹದಿನೆಂಟು ಮೂಟೆ ಎತ್ತರ. ಕೆಳಗಿನಿಂದ ಮೇಸ್ತ್ರಿ "ಅಮ್ಮಾ, ನಿಮ್ಮ ವಯಸ್ಸೇನು, ಇಳೀರಿ" ಅಂದ. ಮೂಟೆಯ ಮೇಲೆ ಕಾಲಿಡುವುದನ್ನು ನಿಮ್ಮಪ್ಪನಿಗೆ ಕಲಿಸಿದವಳು ನಾನು ಕಣೋ ಎಂದೆ. ಮೊದಲ ಕಿಟಕಿಯ ಕೆಳಗಂಚಿಗೆ ಸುತ್ತಿಗೆ ಹಿಡಿ ಕೊಟ್ಟು ಒಂದು ಬೆರಳು ಎತ್ತಿದೆ. ಟಪ್ ಎಂದು ಗಡ್ಡೆ ಬಿಟ್ಟಿತು. ತಳ್ಳಿದೆ. ಮುಚ್ಚಿಕೊಂಡಿತು, ಡಬ್ಬಿಗೆ ಮುಚ್ಚಳ ಕೂತ ಹಾಗೆ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಆರು ಜನ ಒಂದೂವರೆ ಗಂಟೆ ಎಳೆದದ್ದನ್ನು ಒಂದು ಬೆರಳು ಮಾಡಿತು. ನಾಲ್ಕನೆಯದು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಳೆದ ರಭಸಕ್ಕೆ ಅದರ ತಿರುಗಣಿ ಮುರಿದಿತ್ತು. ಅದನ್ನು ಬೇರೆ ಒಂದು ವಸ್ತು ತುರುಕಿ ಮುಚ್ಚಿದೆ. ಏನೆಂದು ಆಮೇಲೆ ಹೇಳುತ್ತೇನೆ.

ಮುಚ್ಚಿದ್ದಾಯಿತು, ಆದರೆ ಒಳಗೆ ಬಂದು ಕೂತ ಚಳಿ ಹೋಗುವುದು ಹೇಗೆ? ಕೆಂಡ ತಂದಿಡೋಣ ಎಂದರು ಯಾರೋ. ಬೇಡ ಎಂದೆ. ಆಲೂಗಡ್ಡೆ ಉಸಿರಾಡುತ್ತದೆ ಎಂದು ನೀನು ಹೇಳಿದ್ದೆ. ಆಗ ನಾನು ಒಂದನ್ನು ಕಿವಿಗಿಟ್ಟುಕೊಂಡು, ಗೊರಕೆಯೂ ಹೊಡೆಯುತ್ತದೆ ಎಂದು ಗೇಲಿ ಮಾಡಿದ್ದೆ. ಶುಕ್ರವಾರ ಬೆಳಿಗ್ಗೆ ಹೊರಗೆ ಸೊನ್ನೆಗಿಂತ ಒಂಬತ್ತು ಕೆಳಗೆ ಇರುವಾಗ ಒಳಗೆ ಹೋಗಿ ಎರಡು ಮೂಟೆಯ ನಡುವೆ ಅಂಗೈ ತೂರಿಸಿದೆ. ತಮ್ಮಾ, ಬೆಚ್ಚಗಿತ್ತು. ಮಲಗಿದ ಮಗುವಿನ ಬೆನ್ನಿನ ಹಾಗೆ. ಎಂಟು ಸಾವಿರ ಚೀಲ ಉಸಿರಾಡಿದ ಬಿಸಿಯನ್ನು ನಿನ್ನ ಒಂದೂವರೆ ಅಡಿ ಹೊಟ್ಟು ಹೊರಗೆ ಬಿಟ್ಟಿರಲಿಲ್ಲ. ಗುರುವಾರ ಸಂಜೆ ಒಂದಕ್ಕಿಳಿದದ್ದು ಶುಕ್ರವಾರ ಬೆಳಿಗ್ಗೆ ಎರಡೂವರೆ, ಶನಿವಾರ ನಾಲ್ಕು. ನಾಲ್ಕನೆಯ ಕಿಟಕಿಯ ನೇರಕ್ಕಿದ್ದ ನಲವತ್ತೆರಡು ಚೀಲ ಹೋದವು. ಒಂದಕ್ಕೊಂದು ತಾಗಿಸಿದರೆ ಬೆಣಚುಕಲ್ಲಿನ ಸದ್ದು. ಉಳಿದದ್ದೆಲ್ಲ ಉಳಿಯಿತು. ಆ ನಲವತ್ತೆರಡು ಚೀಲದವರಿಗೆ ನನ್ನ ಸ್ವಂತದ್ದರಲ್ಲಿ ಕೊಡುತ್ತೇನೆ, ಅದಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ.

ಆಮೇಲಿನದು ನಗುವ ಕಥೆ. ಸೀಮೆಯಲ್ಲೆಲ್ಲ ಹೆಪ್ಪುಗಟ್ಟದ ಜಾಗ ನಮ್ಮ ಕೋಲ್ಡ್ ಸ್ಟೋರೇಜು ಒಂದೇ ಎಂದು ಕಂಡಕ್ಟರ್ ಸಾರಿಬಿಟ್ಟ. ಮೊದಲು ಬಂದವರು ಆಸ್ಪತ್ರೆಯ ನರ್ಸಮ್ಮ, ಲಸಿಕೆಯ ಪೆಟ್ಟಿಗೆ ಕಂಕುಳಲ್ಲಿ ಅವುಚಿಕೊಂಡು. "ಬೇಸಿಗೆಯಲ್ಲಿ ಬಿಸಿಯಾಗದ ಹಾಗೆ ಕಾಯ್ತೀವಿ, ಈಗ ಗಡ್ಡೆಯಾಗದ ಹಾಗೆ ಕಾಯ್ಬೇಕು, ಮಕ್ಕಳನ್ನ ಸಾಕೋದೇ ಸುಲಭ ಕಣ್ರೀ" ಅಂದರು. ಆಮೇಲೆ ನರ್ಸರಿಯವಳು ಅರವತ್ತು ಕುಂಡ ತಂದಳು. ಕಂಡಕ್ಟರ್ ತನ್ನ ಬಸ್ಸಿನ ಬ್ಯಾಟರಿಯನ್ನೇ ಬಿಚ್ಚಿಕೊಂಡು ಬಂದ, ಇಲ್ಲಿ ಮಲಗಿಸಿದರೆ ಬೆಳಿಗ್ಗೆ ಬಸ್ಸು ಏಳುತ್ತದೆ ಎಂದು. ಮೊಟ್ಟೆಯ ಟ್ರೇಗಳು, ಸೋಡಾ ಬಾಟಲಿಗಳು, ಯಾರದೋ ಮೀನಿನ ಗಾಜಿನ ತೊಟ್ಟಿ, ಒಳಗೆ ಎರಡು ಮೀನು. ಶನಿವಾರದ ಹೊತ್ತಿಗೆ ನೂರಾ ಏಳು ನಗ ಸಾಮಾನು. ಎಲ್ಲಕ್ಕೂ ಚೀಟಿ ಕಟ್ಟಿ ಪುಸ್ತಕದಲ್ಲಿ ಬರೆದೆ. ಮೀನಿನ ತೊಟ್ಟಿಯ ಎದುರಿಗೆ "ಜೀವ ಎರಡು" ಎಂದು ಬರೆದದ್ದನ್ನು ನೋಡಿ ನಿನ್ನ ಭಾವ ಮೂರು ಟೋಪಿಯೂ ಅಲ್ಲಾಡುವ ಹಾಗೆ ನಕ್ಕರು.

ಬಂದವರೆಲ್ಲ ಗೋಡೆ ತಟ್ಟಿ ನೋಡುತ್ತಿದ್ದರು. ಎಂಥಾ ಗೋಡೆ ಕಟ್ಟಿಸಿದ್ದೀರಿ ಅಮ್ಮಾ, ಏನು ಮುಂದಾಲೋಚನೆ ನಿಮ್ಮದು ಎಂದರು. ಇಷ್ಟು ವರ್ಷ ಯಾರಾದರೂ ಹಾಗೆಂದರೆ ತಲೆಯಾಡಿಸಿ ಇಟ್ಟುಕೊಳ್ಳುತ್ತಿದ್ದೆ. ನಿನ್ನೆ ಇಟ್ಟುಕೊಳ್ಳಲು ಆಗಲಿಲ್ಲ. ಅಂದು ಇದ್ದ ಹದಿನೆಂಟು ಹಮಾಲಿಗಳಲ್ಲಿ ಈಗ ಹನ್ನೊಂದು ಜನ ಇದ್ದಾರೆ. ಅವರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಬಂದವರ ಮುಂದೆಯೇ ಹೇಳಿದೆ: ಈ ಗೋಡೆ ನನ್ನ ತಮ್ಮ ಕಟ್ಟಿದ್ದು, ಆ ಕಿಟಕಿ ನನ್ನ ತಮ್ಮ ಇಟ್ಟಿದ್ದು, ಇಲ್ಲೇ ನಿಂತು ನಾನು ಅವನಿಗೆ ಆಡಬಾರದ ಮಾತು ಆಡಿದೆ, ಅದು ತಪ್ಪು. ಆಮೇಲೆ ಮೇಸ್ತ್ರಿ ಹೆಗಲ ಮೇಲಿನ ಗೋಣಿ ಸರಿಮಾಡಿಕೊಂಡು ಅಂದ: "ನಮಗೆ ಎಂಟು ವರ್ಷದಿಂದ ಗೊತ್ತಿತ್ತಮ್ಮಾ. ನಿಮಗೆ ಯಾವಾಗ ಗೊತ್ತಾಗುತ್ತೋ ಅಂತ ಕಾಯ್ತಿದ್ವಿ." ಅವನಿಗೆ ಬೈಯಬೇಕೆಂದುಕೊಂಡೆ. ಬೈಯುವ ಬದಲು ಎಲ್ಲರಿಗೂ ಟೀ ತರಿಸಿದೆ.

ಇವತ್ತು ಬೆಳಿಗ್ಗೆ ಹಳಿಯ ಮಂಜುಗಡ್ಡೆ ಕರಗಿತು. ಹನ್ನೊಂದು ಚೀಲವೂ ಬಂದವು. ಭಾನುವಾರವಾದರೂ ಅಂಚೆಯವನು ತಾನೇ ಬಂದು ಹೇಳಿದ, ಈ ಸಲ ಇನ್ನೊಂದು ಬದಿಗೆ ನೋಡಲಿಲ್ಲ. "ಪೂರ್ತಿ ಸುರಿದು ನೋಡಿದೆ ಅಮ್ಮಾ" ಅಂದ. ಅವನಿಗೂ ಟೀ ಕೊಟ್ಟೆ. ಇನ್ನು ಚಳಿಯ ಮೇಲೆ ಹಾಕುವಂತಿಲ್ಲ. ನಿನ್ನ ಕಾರ್ಡಿಗೆ ಕಾಯದೆ ನಾನೇ ಬರೆಯಲು ಕೂತದ್ದು ಅದಕ್ಕೇ. ನೀನು ಬೇಕೆಂದೇ ಬರೆಯಲಿಲ್ಲವಾದರೆ ಬೇಸರವಿಲ್ಲ, ಏಳು ವರ್ಷ ಬರೆದೆಯಲ್ಲ. ಮೈಗೆ ಹುಷಾರಿಲ್ಲದೆ ಬರೆಯಲಿಲ್ಲವಾದರೆ ಮಾತ್ರ, ಯಾರ ಕೈಲಾದರೂ ಒಂದು ಸಾಲು ಬರೆಸು. "ಕ್ಷೇಮ" ಎಂಬ ಒಂದೇ ಮಾತಾದರೂ ಸಾಕು, ಸಹಿ ನಾನೇ ಹಾಕಿಕೊಳ್ಳುತ್ತೇನೆ.

ಬಿಸಿಲು ಬಂದಿದೆ. ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ಭಾವನ ಆಶೀರ್ವಾದ (ನಾಲ್ಕನೆಯ ಸಲ). ಮೇಸ್ತ್ರಿಯೂ ಹನ್ನೊಂದು ಜನವೂ ನಿನ್ನನ್ನು ಕೇಳಿದರು. ಮೀನುಗಳು ಚೆನ್ನಾಗಿವೆ. ಬೆರಳು ಜೋಪಾನ.

ನಿನ್ನ
ಅಕ್ಕ

ಮರೆತಿದ್ದೆ: ನಾಲ್ಕನೆಯ ಕಿಟಕಿಗೆ ತುರುಕಿದ್ದು ನಿನ್ನ ಹಾಸಿಗೆ. ಗೋಣಿ ತುಂಬಿಸಿ ನೋಡಿದೆ, ಗಾಳಿ ಕಿತ್ತೆಸೆಯಿತು. ಅಷ್ಟು ದಪ್ಪದ್ದು ಬೇರೇನೂ ಕೈಗೆ ಸಿಗಲಿಲ್ಲ. ಎಂಟು ವರ್ಷ ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ, ಯಾರನ್ನೂ ಅದರ ಮೇಲೆ ಕೂರಗೊಡದೆ ಇಟ್ಟಿದ್ದೆ, ಹೊತ್ತು ತರುವಾಗ ಮೇಸ್ತ್ರಿ "ಇದನ್ನಾ ಅಮ್ಮಾ?" ಎಂದು ಎರಡು ಸಲ ಕೇಳಿದ. ಈಗ ಅದು ಅರ್ಧ ಹೊರಗೆ, ಅರ್ಧ ಒಳಗೆ, ಮೇಲೆಲ್ಲ ಮಂಜು. ತಿರುಗಣಿ ಮುರಿದದ್ದಕ್ಕೆ ನಿನ್ನನ್ನು ಕರೆಯುತ್ತಿಲ್ಲ, ಅದನ್ನು ಬಡಗಿಯೂ ಮಾಡಿಯಾನು. ಆ ಗುರುವಾರ ಸಂಜೆ ನಿನ್ನ ಕೋಣೆಗೆ ಹೋದೆ. ಹಾಸಿಗೆ ಇರುವಷ್ಟು ದಿನ ನೀನು ಎದ್ದು ಎಲ್ಲೋ ಹೊರಗೆ ಹೋಗಿದ್ದೀಯ ಎನ್ನಿಸುತ್ತಿತ್ತು. ಬರೀ ಮಂಚ ನೋಡಿದ ಮೇಲೆ ನೀನು ಹೋಗಿದ್ದೀಯ ಎಂದು ಗೊತ್ತಾಯಿತು. ಬಾರೋ. ಬರುವ ದಿನ ಮೊದಲೇ ತಿಳಿಸಿದರೆ ಹೊಸ ಹತ್ತಿ ತುಂಬಿಸಿಡುತ್ತೇನೆ. ತಿಳಿಸದೆ ಬಂದರೆ ನನ್ನ ಹಾಸಿಗೆ ನಿನಗೆ, ನಾನು ಚಾಪೆಗೆ. ನಿನ್ನ ಭಾವ ಒಂದು ಟೋಪಿ ಬಿಟ್ಟುಕೊಡಲು ಒಪ್ಪಿದ್ದಾರೆ.